ಬರುತ್ತಿದ್ದಾನೋ, ಹೋಗುತ್ತಿದ್ದಾನೋ

“ಅಕ್ಕ, ಮೂವತ್ತೊಂದು ವರ್ಷ ನಾನು ನೋಡಿದ್ದು ಎರಡೇ ಬಣ್ಣ. ಎಲುಬು ಬಿಳಿ, ಗಾಳಿ ಕಪ್ಪು. ಮಧ್ಯೆ ಮಬ್ಬುಮಬ್ಬಾಗಿ ಇರುತ್ತಲ್ಲ, ಅದು ಡಾಕ್ಟರುಗಳು ಜಗಳ ಆಡೋ ಜಾಗ, ಅದರ ಉಸಾಬರಿ ನನಗೆ ಬೇಡ. ಸಾಹುಕಾರ ಬರಲಿ, ಬೀದಿ ಗುಡಿಸೋನು ಬರಲಿ, ಅಂಗಿ ಬಿಚ್ಚಿ ಹಲಗೆಗೆ ಎದೆ ಒತ್ತಿ ನಿಂತ ಅಂದ್ರೆ ಇಬ್ಬರ ಪಕ್ಕೆಲುಬೂ ಒಂದೇ ಥರದ ಏಣಿ. ಮುಖ ಕಾಣಲ್ಲ, ಮೀಸೆ ಕಾಣಲ್ಲ. ಆದ್ರೂ ಭುಜ ಹೇಗೆ ಇಳಿದಿದೆ, ಕತ್ತು ಎತ್ತ ವಾಲಿದೆ, ಅಷ್ಟರಲ್ಲೇ ಮನುಷ್ಯ ಸಿಕ್ಕಿಬೀಳ್ತಾನೆ. ಒಂದ್ಸಲ ಒಬ್ಬ ಹೊಟ್ಟೆನೋವು ಅಂತ ಬಂದ. ಏನೂ ನುಂಗಿಲ್ಲ ಅಂತ ಆಣೆ ಮೇಲೆ ಆಣೆ ಇಟ್ಟ. ಫಿಲ್ಮ್ ತೊಳೆದು ಬೆಳಕಿಗೆ ಹಿಡಿದ್ರೆ, ಹೊಟ್ಟೆ ನಡುವೆ ಬೆಳ್ಳಗೆ ಒಂದು ಬೀಗದ ಕೈ! ಹಲ್ಲು ಸಮೇತ! ನನ್ನ ಮೈ ಜುಂ ಅಂತು ಅಕ್ಕ. ಇಷ್ಟಗಲ ಕಪ್ಪು, ಅದರೊಳಗೆ ಇಷ್ಟೇ ಇಷ್ಟು ಬಿಳಿ, ಒಂದಕ್ಷರ ಇಲ್ಲ, ಕಥೆ ಪೂರ್ತಿ ಗೊತ್ತಾಗಿಹೋಯ್ತು. ಬರೆದ್ರೆ ಹೀಗೆ ಬರೀಬೇಕು ಅನ್ನಿಸ್ತು.”

ಹೀಗೆ ಹೇಳುವವನು ನನ್ನ ತಮ್ಮ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಅಲ್ಲಿ ಎಲ್ಲರೂ ಅವನನ್ನು ನೆರಳಪ್ಪ ಎಂದೇ ಕರೆಯುತ್ತಾರೆ. ದೊಡ್ಡ ಡಾಕ್ಟರು ಮಾತ್ರ ಮರ್ಯಾದೆ ಸೇರಿಸಿ ನೆರಳಪ್ಪನವರೇ ಎನ್ನುತ್ತಾರಂತೆ. ನಾನು ಅವನ ಮನೆಯಲ್ಲೇ, ಅವನ ಮತ್ತು ಅವನ ಹೆಂಡತಿಯ ಜೊತೆ ಇದ್ದೇನೆ.

ಮೊದಲು ಎಕ್ಸ್‌ರೇ ಫಿಲ್ಮನ್ನು ಕತ್ತಲೆ ಕೋಣೆಯಲ್ಲಿ ತೊಳೆಯಬೇಕಿತ್ತು. ಒಂದು ಮಂದವಾದ ಕೆಂಪು ದೀಪ, ಮೂರು ತೊಟ್ಟಿ ಔಷಧ. ಫಿಲ್ಮು ತೊಟ್ಟಿಯಲ್ಲಿ ನೆನೆಯುವಷ್ಟು ಹೊತ್ತು ಬೇರೆ ಕೆಲಸವಿಲ್ಲ. ಫಿಲ್ಮಿನ ಪೊಟ್ಟಣದೊಳಗೆ ಕಪ್ಪು ಕಾಗದ ಬರುತ್ತಿತ್ತು. ಅದರ ಮೇಲೆ ಇವನು ಬಿಳಿ ಪೆನ್ಸಿಲಿನಿಂದ ಚಿತ್ರ ಗೀಚುತ್ತಿದ್ದ. ಎಲ್ಲರೂ ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ ಎಳೆಯಲು ಕಲಿತರೆ ಇವನು ಕಪ್ಪಿನ ಮೇಲೆ ಬೆಳಕು ಎಳೆಯಲು ಕಲಿತ. ಬಾಗಿಲ ಸಂದಿನಿಂದ ಬೀಳುವ ಬೆಳಕು ಒಂದು ಗೆರೆ, ಕನ್ನಡಕದ ಅಂಚು ಒಂದು ಗೆರೆ. ಎರಡು ಗೆರೆಗೆ ಒಬ್ಬ ಮನುಷ್ಯ ಹೊಸಿಲಿನಲ್ಲಿ ನಿಂತುಬಿಡುತ್ತಿದ್ದ.

ಆಮೇಲೆ ಕಂಪ್ಯೂಟರಿನ ಯಂತ್ರ ಬಂತು. ಕತ್ತಲೆ ಕೋಣೆಯಲ್ಲಿ ಪೊರಕೆ, ಬಕೆಟ್ಟು ತುಂಬಿದರು. ಒಂದು ತಿಂಗಳು ತಮ್ಮ ಸಪ್ಪೆ ಮೋರೆ ಹಾಕಿಕೊಂಡು ಓಡಾಡಿದ. ಒಂದು ದಿನ ಒಂದು ಶೀಷೆ ಕಪ್ಪು ಶಾಯಿ, ಎರಡು ಕುಂಚ, ಒಂದು ಕಟ್ಟು ದಪ್ಪ ಹಾಳೆ ತಂದು ಊಟದ ಮೇಜಿನ ಅರ್ಧ ಆಕ್ರಮಿಸಿದ.

“ಆ ಅರ್ಧದಲ್ಲಿ ತಟ್ಟೆ ಇಡಬಹುದಾ, ಇಲ್ಲ ಅದಕ್ಕೂ ಅಪ್ಪಣೆ ಬೇಕಾ?” ಎಂದಳು ಅವನ ಹೆಂಡತಿ.

“ಇಡು. ಆದ್ರೆ ಸಾರು ಚೆಲ್ಲಬೇಡ.”

“ನೀವು ಚೆಲ್ಲೋ ಮಸಿಗಿಂತ ನನ್ನ ಸಾರೇ ವಾಸಿ.”

ಹನ್ನೊಂದು ವರ್ಷ, ಬೆಳಿಗ್ಗೆ ಐದೂವರೆಯಿಂದ ಏಳೂವರೆ, ಆ ಅರ್ಧ ಮೇಜಿನಲ್ಲಿ ಪತ್ತೇದಾರಿ ಚಿತ್ರಕಥೆ ಬರೆದ. ಬೂದುಬಣ್ಣ ಎಳ್ಳಷ್ಟೂ ಇಲ್ಲ. ಕಪ್ಪು, ಮತ್ತೆ ಖಾಲಿ ಬಿಟ್ಟ ಹಾಳೆ, ಅಷ್ಟೇ. ಯಾರಿಗೂ ಕಳಿಸಲಿಲ್ಲ. ಹೋದ ವರ್ಷ ಹೆಂಡತಿಯೇ ಒಂದು ಕಥೆಯನ್ನು ಎಕ್ಸ್‌ರೇ ಲಕೋಟೆಯೊಳಗೆ ತುರುಕಿ ಒಂದು ವಾರಪತ್ರಿಕೆಯ ಕಚೇರಿಗೆ ಕೊಟ್ಟುಬಂದಳು. ಸಂಪಾದಕಿ ಫೋನು ಮಾಡಿದರು. “ಸರ್, ಮೊದಲು ಯಾರೋ ಶಾಯಿ ಬೀಳಿಸಿದ್ದಾರೆ ಅಂದ್ಕೊಂಡೆ. ಆಮೇಲೆ ಆ ಶಾಯಿಯೊಳಗೆ ಒಬ್ಬ ನಿಂತಿದ್ದ! ನಾಲ್ಕು ವಾರ ಹಾಕ್ತೀವಿ.”

ಆ ಕಥೆಯನ್ನು ಸ್ವಲ್ಪ ಹೇಳಲೇಬೇಕು. ಗಡಿಯಾರ ರಿಪೇರಿ ಅಂಗಡಿಯ ತಿಜೋರಿಯಿಂದ ಒಂದು ಹಳೆಯ ಬೆಳ್ಳಿ ಗಡಿಯಾರ ಕಳುವಾಗುತ್ತದೆ. ಎದುರಿನ ಚಹಾದವನು ಸಾಕ್ಷಿ ಹೇಳುತ್ತಾನೆ: “ಆರಕ್ಕೆ ಹತ್ತು ನಿಮಿಷ ಇತ್ತು. ಪೆಟ್ಟಿಗೆ ಹಿಡಿದುಕೊಂಡು ಒಬ್ಬ ಅಂಗಡಿಯೊಳಗೆ ಹೋದ.” ಮೊದಲ ವಾರ ಅದೇ ದೊಡ್ಡ ಚಿತ್ರ. ಅಂಗಡಿಯೊಳಗೆ ಬೆಳಕು, ಬಾಗಿಲಲ್ಲಿ ಕಪ್ಪು ಆಕೃತಿ, ಕೈಯಲ್ಲಿ ಪೆಟ್ಟಿಗೆ. ಎರಡನೆಯ ವಾರ ತಿಜೋರಿ ಮೇಲಿನ ಗೀರು ನೋಡಿ ಪತ್ತೇದಾರ, “ಕಳ್ಳ ಎಡಚ” ಎನ್ನುತ್ತಾನೆ. ಮೂರನೆಯ ವಾರ ಅಂಗಡಿಯವನ ಎಡಚ ಭಾವಮೈದುನನ ಮೇಲೆ ಅನುಮಾನ. ಆದರೆ ಅವನು ಆರು ಗಂಟೆಗೆ ಸರಿಯಾಗಿ ಕ್ಷೌರದ ಕುರ್ಚಿಯಲ್ಲಿ ಕೂತಿದ್ದ ಎಂದು ಕ್ಷೌರದವನು ಹೇಳುತ್ತಾನೆ. ಒಳಗೆ ಹೋಗಿ, ತಿಜೋರಿ ಮುರಿದು, ಹತ್ತೇ ನಿಮಿಷದಲ್ಲಿ ಅಲ್ಲಿಗೆ ಹೋಗಿ ಕೂರಲು ಸಾಧ್ಯವಿಲ್ಲ. ನಾಲ್ಕನೆಯ ವಾರ ಕ್ಷೌರದವನು ಸುಳ್ಳು ಹೇಳಿದ ಎಂದು ಮುಗಿಸಬೇಕೆಂದಿದ್ದ ತಮ್ಮ.

ಮೂರನೆಯ ವಾರದ ಸಂಚಿಕೆ ಬಂದ ಮೇಲೆ, ಸೋಮವಾರ, ಸಂಪಾದಕಿಯ ಫೋನು ಬಂತು. ತಮ್ಮ ಕೇಳುತ್ತ ಕೇಳುತ್ತ ಕುರ್ಚಿಗೆ ಕುಸಿದ. ಓದುಗರು ತಪ್ಪು ಹಿಡಿದಿದ್ದರು. ಕಾಗದದ ಮೇಲೆ ಕಾಗದ. ಕಳ್ಳ ಎಡಚನಾದರೆ, ಬೆನ್ನು ತೋರಿಸಿಕೊಂಡು ಒಳಗೆ ಹೋಗುವಾಗ ಭಾರದ ಪೆಟ್ಟಿಗೆ ಬಲಗೈಯಲ್ಲಿ ಯಾಕಿದೆ? ಅಚ್ಚಾದದ್ದನ್ನು ತಿದ್ದುವಂತಿಲ್ಲ. “ಬುಧವಾರ ಮಧ್ಯಾಹ್ನದೊಳಗೆ ಇದಕ್ಕೆ ಉತ್ತರ ಇರೋ ಕೊನೆಯ ಪುಟ ಕೊಡಿ ಸರ್. ಇಲ್ಲದಿದ್ರೆ ಕ್ಷಮೆ ಕೇಳಿ ಕಥೆ ನಿಲ್ಲಿಸ್ತೀವಿ. ಆ ಜಾಗಕ್ಕೆ ಪದಬಂಧ ಹಾಕ್ತೀವಿ.”

“ಪದಬಂಧವಂತೆ,” ಎಂದ ತಮ್ಮ. ಆಮೇಲೆ ತಲೆ ತಲೆ ಚಚ್ಚಿಕೊಂಡ. “ಕೆಟ್ಟ ಅಭ್ಯಾಸ ಅಕ್ಕ! ಎಕ್ಸ್‌ರೇ ನೋಡೋದು ಹೇಗೆ ಗೊತ್ತಾ? ರೋಗಿ ನಮ್ಮ ಎದುರಿಗೆ ಮುಖ ಮಾಡಿ ನಿಂತ ಹಾಗೆ. ಅವನ ಎಡಗೈ ನಮ್ಮ ಬಲಗಡೆ. ಮೂವತ್ತೊಂದು ವರ್ಷ ಎಡ ಅಂದ್ರೆ ನನ್ನ ಬಲಗಡೆಗೇ ಕೈ ಹೋಗಿದೆ. ಇವನು ಬೆನ್ನು ತಿರುಗಿಸಿದ್ದಾನೆ ಅಂತ ಹೊಳೀಲೇ ಇಲ್ಲ.”

ಮಂಗಳವಾರ ರಜೆ ಹಾಕಿದ. ಆರು ಹಾಳೆ ಬರೆದು ಆರನ್ನೂ ಹರಿದ. ಒಂದರಲ್ಲಿ ಕಳ್ಳನ ಎಡಗೈಗೆ ಗಾಯ, ಇನ್ನೊಂದರಲ್ಲಿ ಇಬ್ಬರು ಕಳ್ಳರು. ಎಲ್ಲ ತೇಪೆ ಕೆಲಸ ಎಂದು ಅವನೇ ಬೈದುಕೊಂಡ. ನಾನು ಮೊದಲ ವಾರದ ಸಂಚಿಕೆ ನೋಡಿರಲಿಲ್ಲ. ಆಗ ನನ್ನ ಕಣ್ಣಿನ ಪೊರೆ ತೆಗೆಸಿ ಪಟ್ಟಿ ಕಟ್ಟಿದ್ದರು. “ಅದೇನು ಅಂಥ ತಪ್ಪು, ತೋರಿಸು,” ಎಂದೆ. ಪತ್ರಿಕೆಯನ್ನು ನನ್ನ ತೊಡೆಯ ಮೇಲೆ ಎಸೆದು ಮತ್ತೆ ಮೇಜಿನ ಹತ್ತಿರ ಹೋದ.

ಅಕ್ಷರ ಕೂಡಿಸಿ ಓದಲು ನನಗೆ ಹೊತ್ತು ಬೇಕು, ಹಾಗಾಗಿ ಚಿತ್ರವನ್ನೇ ನೋಡಿದೆ. “ಸರಿಯಾಗೇ ಇದೆಯಲ್ಲೋ,” ಎಂದೆ. “ಪೆಟ್ಟಿಗೆ ಎಡಗೈಯಲ್ಲೇ ಇದೆ.”

“ಬಲಗೈ ಅಕ್ಕ. ಬೆನ್ನು ಈ ಕಡೆ.”

“ಯಾವ ಬೆನ್ನು? ಅವನು ಹೊರಗೆ ಬರ್ತಿದ್ದಾನೆ.”

“ಒಳಗೆ ಹೋಗ್ತಿದ್ದಾನೆ!”

“ನನ್ನ ಕಡೆಗೇ ಬರ್ತಿದ್ದಾನಪ್ಪ. ಹೋಗ್ತಿದ್ದಾನೆ ಅಂತ ಯಾರು ಹೇಳಿದ್ದು?”

“ಚಹಾದವನು ಹೇ...” ಎಂದವನು ಬಾಯಿ ತೆರೆದೇ ನಿಂತ. ಕುಂಚದಿಂದ ಶಾಯಿ ಕಾಲ ಮೇಲೆ ತೊಟ್ಟಿಕ್ಕಿತು, ನೋಡಲಿಲ್ಲ. ಬಂದು ಪತ್ರಿಕೆ ಕಿತ್ತುಕೊಂಡ. ದೂರ ಹಿಡಿದ, ಹತ್ತಿರ ಹಿಡಿದ. “ಕಣ್ಣಿಲ್ಲ, ಮೂಗಿಲ್ಲ, ಬರೀ ಕಪ್ಪು. ಮುಂದು ಯಾವುದು, ಹಿಂದು ಯಾವುದು, ಯಾರಿಗೆ ಗೊತ್ತು? ಚಹಾದವನಿಗೂ ಗೊತ್ತಿಲ್ಲ! ಅವನು ನೋಡಿದ್ದೂ ಇದೇ ಕಪ್ಪು! ಲೇ, ಬಾರೇ ಇಲ್ಲಿ!”

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಇವನು ಚಿತ್ರದಲ್ಲಿದ್ದ ಚಹಾದವನ ಮಾತನ್ನು ಹೆಬ್ಬೆರಳಿನಿಂದ ಮುಚ್ಚಿ ಕೇಳಿದ. “ಬರ್ತಿದ್ದಾನೋ, ಹೋಗ್ತಿದ್ದಾನೋ?”

“ಹೋಗ್ತಿದ್ದಾನೆ. ಗಂಡಸರು ಬಾಗಿಲಲ್ಲಿ ಕಂಡ್ರೆ ಹೊರಟರು ಅಂತಲೇ ಅರ್ಥ.”

ತಮ್ಮ ಚಪ್ಪಲಿಯನ್ನೂ ಹಾಕದೆ ಪತ್ರಿಕೆ ಹಿಡಿದು ಬೀದಿಗೆ ಓಡಿದ. ನಾವಿಬ್ಬರೂ ಕಿಟಕಿಯಲ್ಲಿ ನಿಂತೆವು. ಇಸ್ತ್ರಿಯವನು ಬರ್ತಿದ್ದಾನೆ ಎಂದ. ಮಹಡಿಯ ಮೇಷ್ಟ್ರು ಕನ್ನಡಕ ಏರಿಸಿ, ಇಳಿಸಿ, ಹೋಗ್ತಿದ್ದಾನೆ ಎಂದರು.

“ಸ್ವಾಮಿ, ಇಷ್ಟು ಓದಿದ್ದೀರಿ, ಹೊಟ್ಟೆ ಯಾವ ಕಡೆ ಇದೆ ಅಂತ ಕಾಣಲ್ವಾ?” ಎಂದ ಇಸ್ತ್ರಿಯವನು.

“ಹೊಟ್ಟೆ ಎಲ್ಲಯ್ಯಾ ಇದೆ ಇದರಲ್ಲಿ? ಅದು ಬೆನ್ನು!”

“ಕದಿಯೋಕೆ ಹೋಗೋನು ಪೆಟ್ಟಿಗೆ ಹೊತ್ಕೊಂಡು ಹೋಗ್ತಾನಾ? ತುಂಬಿಸ್ಕೊಂಡು ಬರ್ತಾನೆ,” ಎಂದಳು ತರಕಾರಿ ಗಾಡಿಯವಳು.

“ಸುತ್ತಿಗೆ, ಉಳಿ ನಿಮ್ಮಪ್ಪ ತಂದುಕೊಡ್ತಾನಾ? ಅದೂ ಪೆಟ್ಟಿಗೆಯಲ್ಲೇ ಹೋಗಬೇಕು,” ಎಂದ ಗ್ಯಾಸ್ ಸಿಲಿಂಡರಿನವನು.

ಹತ್ತು ನಿಮಿಷದಲ್ಲಿ ಒಂಬತ್ತು ಜನ. ಬರುತ್ತಿದ್ದಾನೆ ಎಂದವರು ಐವರು, ಹೋಗುತ್ತಿದ್ದಾನೆ ಎಂದವರು ನಾಲ್ವರು. ಒಬ್ಬರಿಗೂ ಅನುಮಾನವಿಲ್ಲ, ಎಲ್ಲರದೂ ಗುಂಡು ಹೊಡೆದ ಹಾಗೆ ಮಾತು. ತಮ್ಮ ಏದುಸಿರು ಬಿಡುತ್ತ ಒಳಗೆ ಬಂದ. ಹಸಿ ಮಣ್ಣು ಮೆತ್ತಿದ ಪಾದವನ್ನು ಕಂಡೂ ಹೆಂಡತಿ ಬೈಯಲಿಲ್ಲ.

“ಅವನು ಆರಕ್ಕೆ ಹತ್ತು ನಿಮಿಷ ಇದ್ದಾಗ ಹೊರಗೆ ಬಂದ! ಕಳ್ಳತನ ಆಗಲೇ ಮುಗಿದಿತ್ತು. ಆರಕ್ಕೆ ಆರಾಮಾಗಿ ಹೋಗಿ ಕ್ಷೌರಕ್ಕೆ ಕೂತ. ಕ್ಷೌರದವನು ಪಾಪ ನಿಜವನ್ನೇ ಹೇಳಿದ! ಪೆಟ್ಟಿಗೆ ಎಡಗೈಯಲ್ಲೇ ಇತ್ತು!”

“ಅದು ಓದುಗರಿಗೆ ಹೇಗೆ ಗೊತ್ತಾಗಬೇಕು? ಪತ್ತೇದಾರ ಅರ್ಧ ಪುಟ ಭಾಷಣ ಬಿಗೀತಾನಾ?” ಎಂದಳು ಅವಳು.

“ಒಂದು ಮಾತೂ ಬೇಡ. ಅದೇ ಚಿತ್ರ ಇನ್ನೊಂದ್ಸಲ ಬರೀತೀನಿ, ಕೂದಲೆಳೆಯಷ್ಟೂ ಬದಲಾಯಿಸದೆ. ಅದರ ಕೆಳಗೆ ಮತ್ತೆ ಅದೇ ಚಿತ್ರ, ಆದ್ರೆ...” ಇಲ್ಲಿ ತಡವರಿಸಿದ. “ಆದ್ರೆ ಈ ಸಲ ಮುಖ ಈ ಕಡೆ ಅಂತ ತಿಳೀಬೇಕು. ಕಣ್ಣು ಬರೆದ್ರೆ ಕೆಟ್ಟುಹೋಗುತ್ತೆ. ಮೂಗು ಬರೆದ್ರೆ ಕೋಡಂಗಿ.”

“ಬೆನ್ನಿಗೆ ಯಾರಾದ್ರೂ ಗುಂಡಿ ಹೊಲೀತಾರಾ?” ಎಂದಳು. “ಅಂಗಿಗೆ ಎರಡು ಗುಂಡಿ ಇಡಿ.”

ತಮ್ಮ ಅವಳನ್ನೇ ನೋಡಿದ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವನು ಅವಳನ್ನು ಹಾಗೆ ನೋಡಿದ್ದು ನಾನು ಕಂಡಿರಲಿಲ್ಲ.

“ಹಂಗೆ ನೋಡಬೇಡಿ, ಅತ್ತಿಗೆ ಇದ್ದಾರೆ,” ಎಂದಳು.

ಕುಳಿತ. ಶಾಯಿ ಹಿಡಿದಾಗಿನಿಂದ ಕಪ್ಪಿನ ಮೇಲೆ ಬಿಳಿ ಬಣ್ಣ ಇಡುವುದು ಅವನಿಗೆ ಆಗದು. ಬಿಳಿ ಎಂದರೆ ಹಾಳೆಯೇ ಕಾಣಬೇಕು. ಅಂದರೆ ಸಾಸಿವೆ ಕಾಳಿನಷ್ಟು ಎರಡು ಜಾಗ ಬಿಟ್ಟು ಸುತ್ತ ಶಾಯಿ ತುಂಬಬೇಕು. ಸ್ವಲ್ಪ ಹರಡಿದರೂ ಗುಂಡಿ ಮಾಯ, ಕಳ್ಳ ಮತ್ತೆ ಬೆನ್ನು ತಿರುಗಿಸಿಬಿಡುತ್ತಾನೆ. ಮೊದಲನೆಯ ಹಾಳೆಯಲ್ಲಿ ಮೇಲಿನ ಗುಂಡಿ ನಿಂತಿತು, ಕೆಳಗಿನದು ಮುಳುಗಿತು. ಎರಡನೆಯದರಲ್ಲಿ ಎರಡೂ ಒಂದಕ್ಕೊಂದು ಅಂಟಿದವು. ಮೂರನೆಯದಕ್ಕೆ ಕೂರುವಾಗ ಕುಂಚವನ್ನು ಶೀಷೆಯ ಅಂಚಿಗೆ ಒತ್ತಿ ಮೊನೆ ಮಾಡಿಕೊಂಡ. ದಿನಕ್ಕೆ ನೂರು ಸಲ ರೋಗಿಗಳಿಗೆ ಹೇಳುವುದನ್ನು ತನಗೇ ಹೇಳಿಕೊಂಡ. “ಉಸಿರು ಎಳ್ಕೊಳ್ಳಿ. ಹಿಡೀರಿ. ಅಲ್ಲಾಡಬೇಡಿ.”

ನಾವೂ ಹಿಡಿದೆವು. ಕುಂಚದ ತುದಿ ಒಂದು ಚುಕ್ಕೆಯನ್ನು ಸುತ್ತಿತು, ಇನ್ನೊಂದನ್ನು ಸುತ್ತಿತು, ಎದೆಯ ಕಪ್ಪೆಲ್ಲ ಕೂಡಿಕೊಂಡಿತು. ನಡುವೆ ಎರಡು ಬಿಳಿ ಚುಕ್ಕೆ ಫಳಾರನೆ ನನ್ನ ಕಡೆ ನೋಡಿದವು. ಆ ಮನುಷ್ಯ ನನ್ನ ಕಣ್ಣೆದುರೇ ಹೊಸಿಲು ದಾಟಿ ಬೀದಿಗೆ ಇಳಿದ.

“ಬಂದ!” ಎಂದೆ.

“ಈಗ ಉಸಿರು ಬಿಡಬಹುದಾ ನೆರಳಪ್ಪನವರೇ? ನಾವು ಸತ್ತೇಹೋಗ್ತೀವಿ,” ಎಂದಳು ಅವನ ಹೆಂಡತಿ.

ಬುಧವಾರ ಹನ್ನೊಂದಕ್ಕೆ ತಾನೇ ಪತ್ರಿಕೆಯ ಕಚೇರಿಗೆ ಹೋದ. ಎರಡಾಯಿತು, ಮೂರಾಯಿತು. ಫೋನು ಎತ್ತಲಿಲ್ಲ. ಅವನ ಹೆಂಡತಿ ಎರಡು ಸಲ ಬಾಗಿಲಿಗೆ ಹೋಗಿ, ಗಾಳಿಗೆ ಬಂದೆ ಎಂದಳು. ನಾಲ್ಕಕ್ಕೆ ಬಂದವನು ಬಸ್ಸಿಳಿದು ಓಡಿಬಂದಂತಿದ್ದ. ನೀರನ್ನೂ ಕುಡಿಯದೆ ಶುರು ಮಾಡಿದ.

“ಹಾಳೆ ಮೇಜಿನ ಮೇಲೆ ಇಟ್ಟೆ. ಸಂಪಾದಕಿ ಮೇಡಂ ನೋಡಿದ್ರು. ಬೀರು ತೆಗೆದು ಮೊದಲ ವಾರದ ಪತ್ರಿಕೆ ತಂದು ಪಕ್ಕದಲ್ಲಿ ಇಟ್ಕೊಂಡ್ರು. ಒಮ್ಮೆ ಇದನ್ನ, ಒಮ್ಮೆ ಅದನ್ನ ನೋಡಿದ್ರು. ಆಮೇಲೆ ಕುರ್ಚಿ ಹಿಂದಕ್ಕೆ ಬೀಳೋ ಹಾಗೆ ಎದ್ದು, ‘ಎಲ್ಲಾ ಬನ್ರೋ ಇಲ್ಲಿ!’ ಅಂತ ಕೂಗಿದ್ರು! ಕರಡು ತಿದ್ದೋ ತಾತ ಬಂದ್ರು, ಪುಟ ಕಟ್ಟೋರು ಬಂದ್ರು. ತಾತ ಗುಂಡಿ ಮೇಲೆ ಬೆರಳಿಟ್ಟು, ‘ಅಯ್ಯೋ ಮಗನೇ, ಬಂದೇಬಿಟ್ಯಲ್ಲೋ’ ಅಂದ್ರು. ‘ಸರ್, ಮೊದಲ ವಾರದಿಂದಲೂ ಇದನ್ನೇ ಇಟ್ಕೊಂಡಿದ್ರಾ?’ ಅಂತ ಕೇಳಿದ್ರು ಮೇಡಂ.”

“ಏನಂದೆ?” ಎಂದೆ.

“ಇಲ್ಲ ಮೇಡಂ, ತಪ್ಪೇ ಆಗಿತ್ತು, ನಮ್ಮಕ್ಕ ಬೇರೆ ಥರ ನೋಡಿದ್ರು, ಗುಂಡಿ ನನ್ನ ಹೆಂಡತಿ ಹೊಲಿದದ್ದು ಅಂದೆ. ನಕ್ಕು ನಕ್ಕು ಕಣ್ಣು ಒರೆಸ್ಕೊಂಡ್ರು. ಪುಟ ನನ್ನ ಎದುರಿಗೇ ಅಚ್ಚಿಗೆ ಹೋಯ್ತು. ಪದಬಂಧ ಹಿಂದಿನ ಪುಟಕ್ಕೆ ಹೋಯ್ತು. ಇನ್ನೊಂದು ಕಥೆ ಬೇಕಂತೆ ಅಕ್ಕ, ಎಂಟು ವಾರದ್ದು!”

“ಎಂಟು ವಾರವಾ? ಹಾಗಾದ್ರೆ ಮೇಜು ಪೂರ್ತಿ ಹೋಯ್ತು ಬಿಡಿ,” ಎಂದಳು ಅವನ ಹೆಂಡತಿ. ಎನ್ನುತ್ತಲೇ ತನ್ನ ಅರ್ಧದ ಮೇಲಿದ್ದ ತಟ್ಟೆಗಳನ್ನು ಎತ್ತಿಕೊಂಡಳು. “ಮೊದಲು ಮಹಡಿ ಮೇಲಿನ ಬಟ್ಟೆ ತನ್ನಿ. ಆಗಲೇ ಒಣಗಿವೆ.”

ಎರಡೆರಡು ಮೆಟ್ಟಿಲು ಹಾರಿ ಹತ್ತಿ, ಎದೆತುಂಬ ಬಟ್ಟೆ ಅಪ್ಪಿಕೊಂಡು ಬಂದು ಮಂಚದ ಮೇಲೆ ಸುರಿದ. ಹೊಸ ಕಥೆ ಎಲ್ಲಿ ಶುರುವಾಗುತ್ತದೆ ಎಂದು ಹೇಳುತ್ತಲೇ ಇದ್ದ. ದೊಡ್ಡ ಹೊದಿಕೆಯ ಎರಡು ಮೂಲೆ ನನಗೆ ಕೊಟ್ಟು ಎರಡು ತಾನು ಹಿಡಿದ. ಕೊಡವಿದೆವು, ಎಳೆದೆವು, ಮೂಲೆಗೆ ಮೂಲೆ ಕೂಡಿಸಿದೆವು. ಅವನ ಕಡೆಯದು ಒಂದು ಗೇಣು ಉದ್ದವಾಯಿತು.

“ಮಾತು ಆಮೇಲೆ. ಸರಿಯಾಗಿ ಹಿಡಿ,” ಎಂದು ಬಿಡಿಸಿ ಮತ್ತೆ ಮಡಚಿಸಿದೆ. ಆಮೇಲೆ ದಿಂಬಿನ ಚೀಲಗಳನ್ನು ಎತ್ತಿಕೊಂಡೆವು.