ಖಾರ ತೆಗೆಯುವ ಒಂದು ಹಿಡಿ ಶೇಂಗಾ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ಅದನ್ನು ಬೀಸಿದ ಗಿರಣಿಯಲ್ಲೇ ಕೂಸಿನ ಗಂಜಿಗೆ ರಾಗಿ ಬೀಸಿ ನೋಡಿದವರು ಮಾತ್ರ ಹಾಗೆ ಹೇಳಲಾರರು. ಹಾಜಿರಾಬಿಗೆ ಇದು ಚೆನ್ನಾಗಿ ಗೊತ್ತಿತ್ತು. ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ, ಮನೆಯ ಪಡಸಾಲೆಯಲ್ಲೇ ಅವಳ ಗಿರಣಿ. ದೊಡ್ಡದರಲ್ಲಿ ಜೋಳ, ಗೋದಿ ಬೀಸುತ್ತಾಳೆ. ಸಣ್ಣದರಲ್ಲಿ ಖಾರ, ಮಸಾಲೆ, ಚಟ್ನಿಪುಡಿ, ಜೊತೆಗೆ ದೊಡ್ಡದರ ಹೊಟ್ಟೆಗೆ ಸಾಲದ ಸೇರು ಅರ್ಧ ಸೇರಿನ ಕಾಳು. ಖಾರ ಬೀಸಿದ ಮೇಲೆ ಬೇರೆ ಏನನ್ನಾದರೂ ಹಾಕುವ ಮೊದಲು ಒಂದು ಹಿಡಿ ಹುರಿದ ಶೇಂಗಾ ಸುರಿದು ಗಿರಣಿಯನ್ನು ಒಮ್ಮೆ ಓಡಿಸುವುದು ಅವಳ ಪದ್ಧತಿ. ಶೇಂಗಾದ ಜಿಡ್ಡು ಮೂಲೆಮೂಲೆಗೆ ಅಂಟಿದ ಖಾರವನ್ನು ಹಿಡಿದುಕೊಂಡು ಹೊರಗೆ ಬರುತ್ತದೆ. ಅತ್ತೆ ಮೈಮುನಾಬಿ ಒರಳಿನ ಕಾಲದಿಂದಲೂ ಹೀಗೇ ಮಾಡುತ್ತಿದ್ದಳು. ಹೊರಬಂದ ಕೆಂಪು ಪುಡಿಯನ್ನು ಚೆಲ್ಲುವುದೂ ಇಲ್ಲ. ಬೆಳ್ಳುಳ್ಳಿ, ಉಪ್ಪು ಸೇರಿಸಿ ಕುಟ್ಟಿದರೆ ರೊಟ್ಟಿಗೆ ಚಟ್ನಿಯಾಯಿತು. ಗಂಡ ಯೂಸುಫಸಾಬ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದಷ್ಟು ಕಾಲ ಆ ಚಟ್ನಿಯಿಲ್ಲದೆ ಬುತ್ತಿ ಕಟ್ಟಿಸಿಕೊಂಡವನಲ್ಲ.

ಅವನು ತೀರಿಕೊಂಡ ಮೇಲೆ ಹಾಜಿರಾಬಿ ಗಿರಣಿಯಲ್ಲೇ ಬದುಕು ಕಟ್ಟಿಕೊಂಡಳು, ಅದರ ಜೊತೆಗೆ ಓಣಿಯ ಅರ್ಧ ಡಾಕ್ಟರಿಕೆಯನ್ನೂ ತಾನೇ ವಹಿಸಿಕೊಂಡಳು. ಕೇಳಿದರೂ ಹೇಳುತ್ತಾಳೆ, ಕೇಳದಿದ್ದರೂ ಹೇಳುತ್ತಾಳೆ. ಎಲುಬಿಗೆ ಎಳ್ಳು. ಎದೆಗೆ ಅಗಸಿ, ಆದರೆ ಹುರಿದು ಪುಡಿ ಮಾಡಿಯೇ ತಿನ್ನಬೇಕು, ಇಡೀ ನುಂಗಿದರೆ ಹೊಟ್ಟೆಗೆ ಹೋದದ್ದು ಹಾಗೇ ಹೊರಗೆ ಬರುತ್ತದೆ. ಹಮಾಲರಿಗೆ ಬೆಲ್ಲ-ಶೇಂಗಾ, ಆದರೆ ಹಿಡಿಗಿಂತ ಹೆಚ್ಚು ಬೇಡ. ಬೂಸ್ಟು ಹಿಡಿದ ಶೇಂಗಾ, ಕಹಿ ಹತ್ತಿದ ಬೀಜ ಯಾರಾದರೂ ತಂದರೆ ಚೀಲ ತಿರುಗಿಸಿ ಕಳಿಸುತ್ತಾಳೆ. "ಸಣ್ಣ ಹುಡುಗರಿಗೆ ಇಡೀ ಕಾಳು ಕೊಡಬ್ಯಾಡ್ರವಾ, ಗಂಟಲಿಗೆ ಸಿಗತೈತಿ" ಎಂದು ಅವಳು ಹೇಳದ ತಾಯಿ ಆ ಓಣಿಯಲ್ಲಿಲ್ಲ. ಇಷ್ಟೆಲ್ಲ ತಿಳಿದವಳಿಗೆ, ಶೇಂಗಾ ಸ್ವತಃ ಒಂದು ಕೂಸಿನ ಉಸಿರು ಕಟ್ಟಿಸಬಲ್ಲದು ಎಂಬುದು ಮಾತ್ರ ಪಂಚಮಿ ಹಬ್ಬದವರೆಗೆ ತಿಳಿದಿರಲಿಲ್ಲ.

ಆ ಕೂಸು ಪಾರು. ಎದುರುಮನೆಯ ಉಚ್ಚಂಗೆವ್ವನ ಮೊಮ್ಮಗಳು, ಮಗ ಸಿದ್ದೇಶ, ಸೊಸೆ ದೀಪಿಕಾರ ಕೂಸು, ಎರಡು ವರ್ಷದ್ದು. ಪಂಚಮಿಯ ದಿನ ಶೇಂಗಾ ಉಂಡಿಯ ಚೂರು ಬಾಯಿಗೆ ಹೋಗಿದ್ದೇ ತಡ, ತುಟಿ ಬಾತು ಮೈಯೆಲ್ಲ ದದ್ದು ಎದ್ದವು. ಹಾವೇರಿಯ ಡಾಕ್ಟರು ಖಡಾಖಂಡಿತವಾಗಿ ಹೇಳಿದರು: ಈ ಕೂಸಿಗೆ ಶೇಂಗಾ ಆಗುವುದಿಲ್ಲ, ಶೇಂಗಾ ಮುಟ್ಟಿದ ಚಮಚವೂ ಬೇಡ, ಬದಾಮಿ ಗೋಡಂಬಿಗಳನ್ನೂ ತಪಾಸಣೆ ಮಾಡುವವರೆಗೆ ಕೊಡಬೇಡಿ. ಶೇಂಗಾ ತಿನ್ನಲಾಗದ ಮನುಷ್ಯರೂ ಇರುತ್ತಾರೆಯೇ ಎಂದು ಓಣಿ ನಕ್ಕಿತು. ಹಾಜಿರಾಬಿ ನಗಲಿಲ್ಲ. ಅಂದಿನಿಂದ ಸಾಬೂನು ಹಚ್ಚಿ ಕೈ ತೊಳೆಯದೆ ಅವಳು ಪಾರುವನ್ನು ಎತ್ತಿಕೊಂಡಿಲ್ಲ.

ಹೀಗಿರುವಾಗ ಒಂದು ದಿನ ಹಾಜಿರಾಬಿ ರಾಣೆಬೆನ್ನೂರಿನಲ್ಲಿ ಮಗಳು ಜರೀನಾಳ ಮನೆಯಲ್ಲಿ ವಸತಿ ಮಾಡಿ ಮುಂಜಾನೆ ತಿರುಗಿ ಬಂದರೆ, ಅವಳ ಕಟ್ಟೆಯ ಮೇಲೆ ಉಚ್ಚಂಗೆವ್ವ ಮುಖ ಮುಚ್ಚಿಕೊಂಡು ಕುಳಿತಿದ್ದಳು.

"ಯಾಕ ಅಕ್ಕಾ, ಏನಾತು?"

"ಪಾರೂಗ ಮತ್ತ ಹಂಗ ಆತು ಹಾಜಿರಾ. ನಿನ್ನೆ ಸಂಜಿಮುಂದ ಗಂಜಿ ಕುಡದ ಸ್ವಲ್ಪ ಹೊತ್ತಿಗೆ ತುಟಿ ಬಾತವು. ಈ ಸಲ ಉಸಿರೂ ಎಳಿಯಾಕತ್ತಿತ್ತು. ಹಾವೇರಿಗೆ ಒಯ್ದು ಇಂಜೆಕ್ಷನ್ ಮಾಡಿಸ್ಯಾರ. ಈಗ ಅರಾಮ ಅದಾಳ. ಇವತ್ತೊಂದಿನ ಅಲ್ಲೇ ಇರ್ಲಿ ಅಂದಾರ."

ಹಾಜಿರಾಬಿ ಚೀಲವನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಳು. "ಗಂಜ್ಯಾಗ ಏನ್ ಹಾಕಿದ್ರಿ?"

"ಬದಾಮಿ," ಎಂದಳು ಉಚ್ಚಂಗೆವ್ವ. "ಒಂದs ಒಂದು. ನೆನಸಿ ಸಿಪ್ಪಿ ತಗದು ಕಲ್ಲಿನ ಮ್ಯಾಲೆ ತೇದಿದ್ದೆ. ಕೂಸು ಸೊರಗೇತಿ, ಕಸುವು ಬರ್ಲಿ ಅಂತ. ದೀಪಿಕಾ ಬ್ಯಾಡ ಅಂದಿದ್ಲು, ನಾ ಕೇಳಲಿಲ್ಲ. ಇನ್ನ ಮ್ಯಾಲೆ ನನ್ನ ಮಗಳಿಗೆ ನೀವು ಒಂದ ತುತ್ತೂ ಉಣಸಬ್ಯಾಡ್ರಿ ಅಂತ ಆಸ್ಪತ್ರ್ಯಾಗ ಮಂದಿ ಮುಂದ ಅಂದ್ಲು. ಅಂದ್ರ ಅನ್ಲಿ ಬಿಡು. ತಪ್ಪು ನಂದs."

ಹಾಜಿರಾಬಿಗೆ ಮರುಕವೂ ಬಂತು, ಸಿಟ್ಟೂ ಬಂತು. ಬೇಡವೆಂದರೆ ಯಾಕೆ ಹಾಕಬೇಕಿತ್ತು ಎಂದು ಮನಸ್ಸಿನಲ್ಲೇ ಬೈದಳು. ಬಾಯಿಂದ ಮಾತ್ರ, "ಕೂಸು ಉಳೀತಲ್ಲ, ಅಷ್ಟs ಸಾಕು ಅಕ್ಕಾ," ಎಂದಳು.

"ಸಿದ್ದೇಶ ಈಗ ಮತ್ತ ಗಂಜಿ ಒಯ್ದಾನ. ಎಚ್ಚರಾದ ಮ್ಯಾಲೆ ಸಾದಾ ಗಂಜಿ ಕುಡಿಸ್ರಿ ಅಂದಾರಂತ. ಬರೀ ರಾಗಿ, ಉಪ್ಪು. ಮೊನ್ನೆ ನೀ ಬೀಸಿಕೊಟ್ಟಿದ್ದು," ಎಂದು ಹೇಳಿ ಉಚ್ಚಂಗೆವ್ವ ಮೊಣಕಾಲು ಹಿಡಿದುಕೊಂಡು ಎದ್ದು ಮನೆಗೆ ಹೋದಳು.

ಗಿರಣಿ ಶುರುವಾಯಿತು. ಯಾರದೋ ಖಾರ ಮುಗಿಯಿತು. ಅದರ ಹಿಂದೆ ಅಗಸಿ ತಂದ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಹಾಜಿರಾಬಿಯ ಕೈ ಯಾವ ಯೋಚನೆಯೂ ಇಲ್ಲದೆ ಶೇಂಗಾದ ಡಬ್ಬಿಗೆ ಹೋಯಿತು, ಹಿಡಿ ತುಂಬಿಕೊಂಡಿತು, ಗಿರಣಿಯ ಬಾಯಿಯ ಮೇಲೆ ಬಂತು. ಅಲ್ಲೇ ನಿಂತುಬಿಟ್ಟಿತು.

ಮೊನ್ನೆ ಇದೇ ಸಣ್ಣ ಗಿರಣಿಯಲ್ಲಿ ಮೊದಲು ಖಾರ ಬೀಸಿದ್ದಳು. ಆಮೇಲೆ ಪಾರುವಿನ ರಾಗಿ. ನಡುವೆ, ಕೂಸಿನ ನಾಲಿಗೆಗೆ ಚೂರೂ ಖಾರ ತಾಗಬಾರದೆಂದು, ಒಂದಲ್ಲ ಎರಡು ಹಿಡಿ ಶೇಂಗಾ ಓಡಿಸಿದ್ದಳು. ಪಾರುವಿನ ಹಿಟ್ಟೆಂದು ಕಾಳಜಿಯಿಂದ ಮಾಡಿದ ಕೆಲಸ ಅದು. ಕೈಗೆ ಸಾಬೂನು ಹಚ್ಚಿ ತೊಳೆದವಳಿಗೆ ಗಿರಣಿ ನೆನಪಿಗೆ ಬಂದಿರಲಿಲ್ಲ.

"ಯಾಕ್ರೀ ಬೀ, ನಿಂತ್ರಿ?" ಎಂದಳು ಅಗಸಿಯವಳು.

ಹಾಜಿರಾಬಿ ಗಿರಣಿ ಬಂದ್ ಮಾಡಿ ಫೋನ್ ಹುಡುಕಿದಳು. ಸಿದ್ದೇಶನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಗಾಡಿ ಮೇಲಿದ್ದನೋ ಏನೋ. ದೀಪಿಕಾಳದ್ದು ಸ್ವಿಚ್ ಆಫ್. ಆಸ್ಪತ್ರೆಯಲ್ಲಿ ರಾತ್ರಿ ಕಳೆದವರ ಫೋನಿನಲ್ಲಿ ಚಾರ್ಜು ಎಲ್ಲಿಂದ ಬರಬೇಕು? ಮಗ ಅಸ್ಲಮ್ ಸ್ಟೇಷನ್ ಮುಂದೆ ಆಟೋ ಹಚ್ಚಿಕೊಂಡಿರುತ್ತಾನೆ. ಅವನಿಗೆ ಫೋನ್ ಮಾಡಿ ಓಣಿಯ ಬಾಯಿಗೆ ಬರಲು ಹೇಳಿ ಓಡಿದಳು. ಉಚ್ಚಂಗೆವ್ವನ ಬಾಗಿಲ ಮುಂದೆ ಕಾಲುಗಳು ಒಂದು ಗಳಿಗೆ ನಿಂತವು. ಒಳಗೆ ಆಕೆ ಅಳುತ್ತ ಮೂಗು ಸೀಟಿಕೊಳ್ಳುವುದು ಕೇಳಿಸಿತು. ಕರೆಯಬೇಕಿತ್ತು. ಹಾಜಿರಾಬಿ ಕರೆಯಲಿಲ್ಲ, ಹೆದರಿದಳು.

ಮೋಟೆಬೆನ್ನೂರು ದಾಟಿ ಹೈವೇ ಹತ್ತುವವರೆಗೂ ಅವಳ ಬಾಯಿಂದ "ಲಗೂ ನಡಿ" ಎಂಬುದರ ಹೊರತು ಮಾತು ಬರಲಿಲ್ಲ. ಲಾರಿಗಳು ಪಕ್ಕದಲ್ಲೇ ಗುಡುಗುತ್ತ ಹೋದಾಗ ಆಟೋ ಅದುರುತ್ತಿತ್ತು. ಕೂಸಿಗೆ ಎಚ್ಚರವಾಗದಿರಲಿ, ಯಾ ಅಲ್ಲಾ, ಇನ್ನೊಂದು ಸ್ವಲ್ಪ ಹೊತ್ತು ಮಲಗಿರಲಿ ಎಂದು ಬೇಡಿಕೊಳ್ಳುತ್ತಿದ್ದಳು. ಸಿದ್ದೇಶ ಈಗ ಮುಟ್ಟಿರುತ್ತಾನೆ. ಡಬ್ಬಿ ಬಿಚ್ಚಿರುತ್ತಾರೆ. ಹಸಿದ ಕೂಸು ಬೇಡ ಅಂದೀತೇ? ತಡೆಯಲಾರದೆ ಅಸ್ಲಮ್‌ನಿಗೆ ಎಲ್ಲ ಹೇಳಿದಳು.

ಅವನು ಹಿಂದೆ ತಿರುಗದೆ, "ಅಮ್ಮಾ, ಹಿಟ್ಟಿನ್ಯಾಗ ಹುಳ ಬಿದ್ದಾವು, ಕುಡಿಸಬ್ಯಾಡ್ರಿ ಅಂತ ಹೇಳು. ಕೂಸಿಗಂತೂ ಏನೂ ಆಗಂಗಿಲ್ಲ. ಶೇಂಗಾದ ಮಾತು ಎತ್ತಬ್ಯಾಡ," ಎಂದ. "ಅವರು ಬದಾಮಿ ಅಂತ ತಿಳಕೊಂಡಾರ. ಹಾಜಿರಾಬಿ ಬೀಸಿದ್ದಕ್ಕ ಕೂಸಿನ ಉಸಿರು ನಿಂತಿತ್ತು ಅಂದ್ರ ನಾಳೆ ಯಾರ್ ಬರ್ತಾರ ನಮ್ಮ ಗಿರಣಿಗೆ?"

ಮಗನ ಮಾತು ಅವಳಿಗೆ ಕೆಟ್ಟದ್ದೆನಿಸಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು. ಹುಳ ಬಿದ್ದಾವು ಅಂದರೆ ಸಾಕು, ಮುಗಿಯಿತು. ಹಾವೇರಿ ಬರುವವರೆಗೆ ಆ ಎರಡು ಮಾತನ್ನೇ ಬಾಯಲ್ಲಿ ಹೊರಳಿಸುತ್ತ ಕುಳಿತಳು.

ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಪಾರು ಎದ್ದು ಕುಳಿತಿತ್ತು. ತುಟಿಯ ಬಾವು ಇನ್ನೂ ಪೂರ್ತಿ ಇಳಿದಿರಲಿಲ್ಲ. ದೀಪಿಕಾ ಸ್ಟೀಲಿನ ಡಬ್ಬಿಯ ಮುಚ್ಚಳದಲ್ಲಿ ಗಂಜಿ ಹಾಕಿಕೊಂಡು ಊದಿ ಊದಿ ಆರಿಸುತ್ತಿದ್ದಳು. ಹಾಜಿರಾಬಿ ಹೋದವಳೇ ಮುಚ್ಚಳವನ್ನು ಕೈಯಿಂದ ಕಸಿದುಕೊಂಡಳು. ಗಂಜಿ ಹಾಸಿಗೆಯ ಮೇಲೆ ಚೆಲ್ಲಿತು. ಗಾಬರಿಯಾಗಿ ಕೂಸು ಅತ್ತಿತು.

"ಚಿಗವ್ವಾ, ಇದೇನ್ರಿ?"

"ಕುಡಿಸಿದೇನವಾ? ಒಂದರ ಗುಟುಕು ಕುಡಿಸಿದೇನು?"

"ಇಲ್ರಿ, ಬಿಸಿ ಐತಿ. ಯಾಕ್ರಿ?"

ಹಾಜಿರಾಬಿ ಗೋಡೆಗೆ ಆತುಕೊಂಡಳು. "ಹಿಟ್ಟಿನ್ಯಾಗ ಹುಳ ಬಿದ್ದಾವು," ಎಂದಳು. ಮಾತು ಸಲೀಸಾಗಿ ಬಂತು. ದೀಪಿಕಾ ನಂಬಿದಳು. ನೀರು ಕುಡಿಯಿರಿ ಎಂದು ಬಾಟಲಿಯನ್ನೂ ಕೊಟ್ಟಳು. ಅಷ್ಟರಲ್ಲಿ ಹೊರಗಿನಿಂದ ಸಿದ್ದೇಶ ಫೋನ್ ಹಿಡಿದುಕೊಂಡು ಒಳಗೆ ಬಂದ. "ಅವ್ವ ಮಾತಾಡ್ತಾಳಂತ. ಕೂಸು ಗಂಜಿ ಕುಡೀತೇನು ಅಂತ ಕೇಳಾಕತ್ತಾಳ."

"ಅವರ ಧ್ವನಿ ಕೇಳೂದು ನನಗ ಬ್ಯಾಡ," ಎಂದಳು ದೀಪಿಕಾ. "ಕೇಳಿದ್ರ ಏನೇನೋ ಅಂದುಬಿಡ್ತೀನಿ."

ಫೋನಿನೊಳಗಿಂದ ಉಚ್ಚಂಗೆವ್ವನ "ಹಲೋ, ಹಲೋ" ಸಣ್ಣಗೆ ಕೇಳಿಸುತ್ತಿತ್ತು. ಅದೇ ದನಿ ಮುಂಜಾನೆ ಕಟ್ಟೆಯ ಮೇಲೆ ತಪ್ಪು ನಂದs ಅಂದಿತ್ತು. ಹಾಜಿರಾಬಿ ನೀರಿನ ಬಾಟಲಿಯನ್ನು ಕೆಳಗಿಟ್ಟಳು.

"ಹುಳ ಬಿದ್ದಿಲ್ಲವಾ," ಎಂದಳು. "ಸುಳ್ಳು ಹೇಳಿದೆ. ಆ ರಾಗಿ ಬೀಸೂ ಮೊದಲ ಗಿರಣ್ಯಾಗ ಶೇಂಗಾ ಹಾಕಿ ಓಡಿಸಿದ್ದೆ, ಖಾರ ಹೋಗ್ಲಿ ಅಂತ. ನಿಮ್ಮತ್ತಿ ಹಾಕಿದ ಬದಾಮಿ ಅಲ್ಲ, ನನ್ನ ಕೈ."

ದೀಪಿಕಾ ಕೂಸನ್ನು ಎತ್ತಿ ಎದೆಗವುಚಿಕೊಂಡು ಹಾಜಿರಾಬಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆಮೇಲೆ ಅವಳೇ ಡಬ್ಬಿ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ ಬಂದಳು. ಡಾಕ್ಟರಿಗೂ ಶೇಂಗಾದ ಮೇಲೇ ಗುಮಾನಿ. ಇಂಥ ಕೂಸಿಗೆ ಪುಡಿಯ ಸೋಂಕೇ ಸಾಕು, ಹಿಟ್ಟನ್ನೆಲ್ಲ ಚೆಲ್ಲಿ, ಬದಾಮಿಯನ್ನು ಆಮೇಲೆ ಬೇರೆಯಾಗಿಯೇ ತಪಾಸಣೆ ಮಾಡೋಣ ಎಂದರಂತೆ. ದೀಪಿಕಾ ಗಂಡನ ಕೈಯಿಂದ ಫೋನ್ ಇಸಿದುಕೊಂಡು ಕಿಟಕಿಯ ಹತ್ತಿರ ಹೋದಳು. "ಅತ್ತಿ," ಎಂದಳು. ಮುಂದಿನದು ಹಾಜಿರಾಬಿಗೆ ಕೇಳಿಸಲಿಲ್ಲ.

ಸುದ್ದಿ ಅವಳಿಗಿಂತ ಮೊದಲೇ ಊರು ಸೇರಿತ್ತು. ಸಣ್ಣ ಗಿರಣಿ ಕೆಲವು ದಿನ ನಿಂತೇ ಇತ್ತು. ಆಮೇಲೆ ಖಾರದವರು ಮಾತ್ರ ಬಂದರು, ಹಿಟ್ಟಿನವರು ಬೇರೆ ಕಡೆ ಹೋದರು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಸುಟ್ಟದ್ದು ಉಚ್ಚಂಗೆವ್ವನ ಒಂದೇ ಮಾತು: "ನನ್ನ ಬಾಗಲ ಮುಂದ ಹಾದು ಹೋದಿ. ನಾ ಒಳಗ ಅಳಾಕತ್ತಿದ್ದೆ, ಕೇಳಿಸ್ಕೊಂಡು ಹಾದು ಹೋದಿ." ಅಷ್ಟು ಹೇಳಿ ಆಕೆ ಮಾತು ಬಿಟ್ಟಳು. ಹಾಜಿರಾಬಿ ಶೇಂಗಾದ ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು. ರೊಟ್ಟಿಗೆ ಚಟ್ನಿ ಬೇಡವಾಯಿತು. ಎದುರುಮನೆಯಲ್ಲಿ ಪಾರು ಸುಮ್ಮನೆ ಕೆಮ್ಮಿದರೂ ಎದ್ದು ಬಾಗಿಲಿಗೆ ಬರುತ್ತಿದ್ದಳು.

ಒಂದು ಮಧ್ಯಾಹ್ನ ಉಚ್ಚಂಗೆವ್ವ ತನ್ನ ಹೊಸ್ತಿಲಲ್ಲಿ ನಿಂತು ಕರೆದಳು. "ಬಾ ಇಲ್ಲೆ. ಒಬ್ಬಾಕಿಗೆ ತಿರುವಾಕ ಆಗಂಗಿಲ್ಲ."

ಪಡಸಾಲೆಯಲ್ಲಿ ಹಳೆಯ ಬೀಸುಕಲ್ಲು. ತೊಳೆದು, ಬಿಸಿಲಿಗಿಟ್ಟು, ಮತ್ತೆ ತೊಳೆದದ್ದು. ಪಕ್ಕದಲ್ಲಿ ಮೊರದ ತುಂಬ ರಾಗಿ. ಹಾಜಿರಾಬಿ ಹಿತ್ತಲಿಗೆ ಹೋಗಿ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದಳು, ಮೂಸಿ ನೋಡಿದಳು, ಮತ್ತೊಮ್ಮೆ ತೊಳೆದಳು. ಬಂದು ಎದುರಿಗೆ ಕುಳಿತು ಗೂಟಕ್ಕೆ ಕೈ ಹಚ್ಚಿದಳು. ಕಲ್ಲು ತಿರುಗಿತು, ಸುತ್ತಲೂ ಹಿಟ್ಟು ಉದುರತೊಡಗಿತು. ಒಳಗಿನ ಬಾಗಿಲಲ್ಲಿ ದೀಪಿಕಾ ನಿಂತು ನೋಡುತ್ತಿದ್ದಳು.

ಅವಳ ಕಾಲ ಸಂದಿಯಿಂದ ನುಸುಳಿ ಬಂದ ಪಾರು ಕಲ್ಲಿನ ಬದಿಗೆ ಕುಕ್ಕರಿಸಿ, ಹಿಟ್ಟಿನಲ್ಲಿ ಬೆರಳು ಅದ್ದಿ ಬಾಯಿಗಿಟ್ಟುಕೊಂಡಿತು. ಗೂಟದ ಮೇಲಿದ್ದ ಎರಡೂ ಕೈ ನಿಂತವು. ದೀಪಿಕಾ ಬರಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಪಾರು ಚಪ್ಪರಿಸಿ ಮತ್ತೊಮ್ಮೆ ಬೆರಳು ಅದ್ದಿತು.

"ತಿರುವು," ಎಂದಳು ಉಚ್ಚಂಗೆವ್ವ.

ಹಾಜಿರಾಬಿ ತಿರುವಿದಳು. ರಾಗಿ ಮುಗಿಯುವವರೆಗೂ ಅವಳು ಕಲ್ಲಿನ ಕಡೆ ನೋಡಲಿಲ್ಲ, ಕೂಸಿನ ತುಟಿಗಳನ್ನೇ ನೋಡುತ್ತಿದ್ದಳು.