ಭೀಮಣ್ಣ ಎಣಿಸಿದ ಏಳನೇ ಹಲ್ಲು

ಭೀಮಣ್ಣ ಯಾವ ಗಾಡಿಯನ್ನೂ ನೇರವಾಗಿ ಒದ್ದು ಚಾಲೂ ಮಾಡಿದವರಲ್ಲ. ಮೊದಲು ಬಗ್ಗಿ, ಕಿಕ್ಕರನ್ನು ಅಂಗೈಯಿಂದ ನಿಧಾನವಾಗಿ ಒತ್ತುತ್ತಿದ್ದರು. ಒಳಗೆ ಪಿಸ್ಟನ್ ಮೇಲೇರಿ ಕೈಗೆ ಬಿಗಿ ಸಿಕ್ಕಾಗ ಕಣ್ಣು ಮುಚ್ಚುತ್ತಿದ್ದರು. ಆ ಬಿಗಿಯನ್ನು ಚೂರೇ ದಾಟಿಸಿ, ಕಿಕ್ಕರನ್ನು ಮತ್ತೆ ಮೇಲಕ್ಕೆ ಬಿಟ್ಟು, ಆಮೇಲೆ ಒಂದೇ ಒಂದು ಒದೆ. ಬಗ್ಗಿ ಒತ್ತುವುದಕ್ಕೆ ಅವರಿಟ್ಟ ಹೆಸರು ಸಲಾಮು.

"ಮೊದ್ಲು ಸಲಾಮ್, ಆಮ್ಯಾಲ ಒದಿ. ಅರ್ಧ ಮನಸಿಲೆ ಒದ್ರ ಇಂಜಿನ್ ವಾಪಸ್ ಒದೀತದ. ಅದಕ್ಕ ಮರ್ಯಾದಿ ಬೇಕು."

ದೇವದುರ್ಗದಲ್ಲಿ ಮಾನ್ವಿ ರಸ್ತೆಗೆ ಅವರ ಗ್ಯಾರೇಜಿತ್ತು. ಶಾಲೆ ಬಿಟ್ಟಿದ್ದು ನಾಲ್ಕನೇ ಇಯತ್ತೆಗೆ. ಕೆಲಸ ಕಲಿತದ್ದು ಶಕ್ತಿನಗರದ ವಿದ್ಯುತ್ ಸ್ಥಾವರದ ಗುತ್ತಿಗೆದಾರರ ಕೈಕೆಳಗೆ. ಬಿಚ್ಚಿದ ಸಾಮಾನನ್ನೆಲ್ಲ ಊಟದ ಗಂಗಾಳದಲ್ಲಿ ಜೋಡಿಸಿ ಎಣಿಸುವುದು ಅವರ ಪದ್ಧತಿ. "ಗ್ಯಾರೇಜಿಗೆ ಹೋದ ಗಂಗಾಳ ತವರಿಗೆ ಹೋದ ಸೊಸಿ ಇದ್ದಂಗ, ತಿರುಗಿ ಬರಂಗಿಲ್ಲ," ಎಂದು ಅವರ ಹೆಂಡತಿ ಬೈಯುತ್ತಿದ್ದರು.

ರಾಯಚೂರಿನಲ್ಲಿ ನಾನು ಮೆಕ್ಯಾನಿಕಲ್ ಓದುತ್ತಿದ್ದಾಗ ಸಹಪಾಠಿ ವೀರೇಶನೂ ನಾನೂ ಸೇರಿ ಗದ್ದೆಯಲ್ಲಿ ಔಷಧ ಹೊಡೆಯಲು ನಾಲ್ಕು ಚಕ್ರದ ಸಣ್ಣ ಗಾಡಿಯೊಂದನ್ನು ಕಟ್ಟಿದ್ದೆವು. ಹಳೆಯ ಟೂ-ಸ್ಟ್ರೋಕ್ ಬೈಕಿನ ಇಂಜಿನ್. ಕೆಸರಲ್ಲಿ ಎಳೆಯಲು ಶಕ್ತಿ ಸಾಲದೆಂದು ನಾನೇ ಲೆಕ್ಕ ಹಾಕಿ ಒಳಗಿನ ಒತ್ತಡ ಹೆಚ್ಚಲೆಂದು ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಅನ್ನು ಲೇತಿನಲ್ಲಿ ತೆಳ್ಳಗೆ ಮಾಡಿಸಿದೆ. ಕಿಡಿ ಬೇಗ ಹತ್ತುವಂತೆ ಟೈಮಿಂಗ್ ಮುಂದಕ್ಕೆ ತಳ್ಳಿದೆ. ಶಕ್ತಿ ಬಂತು. ಜೊತೆಗೆ ಎರಡು ತಿಂಗಳಲ್ಲಿ, ಕಿಕ್ಕರಿನ ಒದೆಯನ್ನು ಇಂಜಿನ್ನಿಗೆ ಮುಟ್ಟಿಸುವ ಕಿಕ್ ಗೇರು ಒಂದಾದ ಮೇಲೊಂದು ಮೂರು ಮುರಿದವು.

"ಮಾರ್ಕೆಟ್‌ನಾಗ ಬರೇ ಡುಪ್ಲಿಕೇಟ್ ಮಾಲು ಬರಾಕತ್ತದ," ಎಂದ ವೀರೇಶ, ಗಾಡಿಯನ್ನು ಭೀಮಣ್ಣನವರ ಗ್ಯಾರೇಜಿಗೆ ತಂದು ನಿಲ್ಲಿಸುತ್ತ.

ಭೀಮಣ್ಣ ಮುರಿದ ಗೇರನ್ನು ಬೆಳಕಿಗೆ ಹಿಡಿದರು. "ಗೇರಿಗ್ಯಾಕ ಬೈತಿ ಲೇ? ಇದು ನೀ ಒದ್ದು ಮುರದದ್ದಲ್ಲ, ಇಂಜಿನ್ ತಿರುಗಿ ಒದ್ದು ಮುರದದ್ದು. ಹೆಡ್ ಯಾರು ತಿಕ್ಕಿಸಿದ್ರು?"

ನಾನು ಕೈ ಎತ್ತಿದೆ.

"ಶಾಣ್ಯಾಕಿ ಇದ್ದೀ ಯವ್ವಾ. ಆದ್ರ ಇಂಜಿನ್ ಹುಲಿ ಮಾಡಿ, ಕಿಕ್ಕರ್ ಇಲಿದೇ ಇಟ್ಟಿ."

ಅವರು ಒತ್ತಡ ಇಳಿಯಲೆಂದು ಹೆಡ್ಡಿನ ಕೆಳಗೆ ಎರಡು ಗ್ಯಾಸ್ಕೆಟ್ ಕೂಡಿಸಿದರು, ಟೈಮಿಂಗ್ ಹಿಂದಕ್ಕೆ ತಂದರು, ಹೊಸ ಗೇರಿನ ಒಂದೊಂದು ಹಲ್ಲನ್ನೂ ಉಗುರಿನಿಂದ ಸವರಿ ನೋಡಿ ಹಾಕಿದರು. ಆಮೇಲೆ ಗಂಗಾಳದಲ್ಲಿ ಹಳೆಯ ಮೂರೂ ಗೇರುಗಳನ್ನಿಟ್ಟು ಎಣಿಸಿದರು. ಮುರಿದ ಹಲ್ಲು ಏಳು. ಸಿಕ್ಕ ಚೂರು ಆರು.

"ಎಣ್ಣಿ ಬದಲಿ ಮಾಡುವಾಗ ಹೊರಗ ಹೋಗಿರ್ತದ್ರಿ," ಎಂದೆ.

"ನೀ ಕಣ್ಣಿಲೆ ನೋಡೀ ಏನು? ಅದು ಒಳಗ ಗೇರ್‌ಬಾಕ್ಸಿನಾಗ ಸಿಕ್ಕೊಂಡ್ರ ಹಿಂದಿನ ಗಾಲಿ ಜಾಮ್ ಆಗ್ತಾವ. ನಾಳಿ ಪೂರಾ ಬಿಚ್ಚತೀನಿ. ಅಲ್ಲೀತನ ಗಾಡಿ ಮುಟ್ಟಬ್ಯಾಡ್ರಿ."

ಆದರೆ ಮರುದಿನವೇ ನೀರಮಾನ್ವಿಯ ವೀರೇಶನ ಗದ್ದೆಯಲ್ಲಿ ಗಾಡಿ ನೋಡಲು ಊರ ರೈತರು ಸೇರುವವರಿದ್ದರು. ಬೆಳಿಗ್ಗೆ ಭೀಮಣ್ಣ ಬರುವ ಮೊದಲೇ, ಅಂಗಡಿ ಮುಂದೆ ತಾಡಪಾಲು ಹೊದ್ದು ನಿಂತಿದ್ದ ಗಾಡಿಯನ್ನು ನಾವು ತೆಗೆದುಕೊಂಡು ಹೋದೆವು. ಸಲಾಮು ಮಾಡಿ ಒದ್ದ ವೀರೇಶನಿಗೆ ಒಂದೇ ಒದೆಗೆ ಇಂಜಿನ್ ಹತ್ತಿತು. "ನೋಡು, ಏನಾಗ್ಯದ?" ಎಂದು ನಕ್ಕ.

ಕಾಲುವೆಯ ದಂಡೆಯ ಮೇಲೆ ಅವನು ಮುಂದೆ, ನಾನು ಸ್ಕೂಟಿಯಲ್ಲಿ ಹಿಂದೆ. ಟಕ್ ಎಂದಿತು. ಅಷ್ಟೇ ಸದ್ದು. ಹಿಂದಿನ ಗಾಲಿಗಳೆರಡೂ ನಿಂತುಬಿಟ್ಟವು. ಗಾಡಿ ಅಡ್ಡಡ್ಡ ಜಾರಿ, ಮುಂದಿನ ಗಾಲಿಗಳು ತುಂಬಿ ಹರಿಯುವ ನೀರಿನ ಮೇಲೆ ತೂಗಿದವು. ವೀರೇಶನ ಕಾಲು ಔಷಧದ ಡ್ರಮ್ಮಿನ ಕೆಳಗೆ ಸಿಕ್ಕಿತ್ತು. ನಾನು ಸ್ಕೂಟಿಯ ಹ್ಯಾಂಡಲ್ ಹಿಡಿದು ನಿಂತೇ ಇದ್ದೆ. ಎಷ್ಟು ಹೊತ್ತೋ ತಿಳಿಯದು. ಇಂದಿಗೂ ಬಾಗಿಲ ಚಿಲಕ ಟಕ್ ಎಂದರೆ ನಾನು ಅಲ್ಲೇ ನಿಂತಿರುತ್ತೇನೆ.

ನನ್ನ ಪಕ್ಕದಿಂದ ಯಾರೋ ಓಡಿದರು. ಖಾಲಿ ತಾಡಪಾಲು ಕಂಡು ಬೈಕಿನಲ್ಲಿ ಬೆನ್ನಟ್ಟಿ ಬಂದಿದ್ದ ಭೀಮಣ್ಣ. ತೂಗುತ್ತಿದ್ದ ಗಾಡಿಯ ಹಿಂದಿನ ಕ್ಯಾರಿಯರ್ ಮೇಲೆ ಇಡೀ ಮೈಭಾರ ಹಾಕಿ ಕೂಗಿದರು: "ಯವ್ವಾ, ನಿಂದರಬ್ಯಾಡ! ಬಾ, ಇಲ್ಲಿ ಕುಂದ್ರು! ಲೇ ವೀರ್ಯಾ, ಅಲ್ಲಾಡಬ್ಯಾಡ, ಹಸಿಮಣಿ ಮ್ಯಾಲ ಮದುಮಗ ಕುಂತಂಗ ಕುಂತಿರು!"

ನಾನು ಹೋಗಿ ಕೂತೆ. ಗಾಡಿಯ ಹಿಂಭಾಗ ನೆಲಕ್ಕೆ ಬಂತು. ವೀರೇಶ ಬೂಟನ್ನು ಅಲ್ಲೇ ಬಿಟ್ಟು ಕಾಲೆಳೆದುಕೊಂಡು, ನಮ್ಮಿಬ್ಬರ ಮೇಲೆ ತೆವಳಿ ಇಳಿದ. ಇಳಿದವನು ಮಣ್ಣಿನಲ್ಲಿ ಕೂತು ಅತ್ತ.

ಭೀಮಣ್ಣ ಬೈಯಲಿಲ್ಲ. ಗಾಡಿಯನ್ನು ಟಂಟಂ ಆಟೋದಲ್ಲಿ ಗ್ಯಾರೇಜಿಗೆ ತರಿಸಿ, ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿ, ಎಣ್ಣೆಯಲ್ಲಿ ಬೆರಳಾಡಿಸಿ, ನನ್ನ ಅಂಗೈಯಲ್ಲಿ ಜೋಳದ ಕಾಳಿನಷ್ಟು ಉಕ್ಕಿನ ಚೂರನ್ನಿಟ್ಟರು.

"ಏಳು," ಎಂದರು.

ಈಗ ನಾನು ರಾಯಚೂರಿನ ಕಾಲೇಜೊಂದರಲ್ಲಿ ಇಂಜಿನ್ ಪಾಠ ಹೇಳುತ್ತೇನೆ. ಪಠ್ಯದಲ್ಲಿ ಇಲ್ಲದಿದ್ದರೂ ನನ್ನ ಪ್ರಯೋಗಾಲಯದಲ್ಲಿ ಒಂದು ಗಂಗಾಳವಿದೆ. ನಾನು ಯಾರ ಶಿಷ್ಯೆ ಎಂದು ಕೇಳಿದವರಿಗೆ, ಪದವಿ ಕೊಟ್ಟವರಿಗಿಂತ ಮೊದಲು ಅವರ ಹೆಸರು ಹೇಳುತ್ತೇನೆ.

ಕಳೆದ ಬೇಸಿಗೆಯಲ್ಲಿ ಭೀಮಣ್ಣ ತೀರಿಕೊಂಡರು. ಅದಕ್ಕೂ ಕೆಲವು ತಿಂಗಳ ಹಿಂದೆ ಅವರನ್ನು ಒತ್ತಾಯಿಸಿ ಒಮ್ಮೆ ಪ್ರಯೋಗಾಲಯದ ತರಗತಿಗೆ ಕರೆತಂದಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲೇ ಸಂಕೋಚದಿಂದ ನಿಂತರು. ಆಗ ಹುಡುಗಿಯೊಬ್ಬಳು ಕಿಕ್ಕರ್ ಒದೆಯಲು ಅವಸರದಲ್ಲಿ ಕಾಲೆತ್ತಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳ ಗೆಳತಿ ಗದರಿಸಿದಳು: "ಏಯ್, ಮೊದ್ಲು ಸಲಾಮ್ ಮಾಡು!"

ಆ ಮಾತು ಇವರದೇ ಎಂದು ಎಲ್ಲರಿಗೂ ಹೇಳಬೇಕೆಂದು ನಾನು ತಿರುಗಿದೆ. ಭೀಮಣ್ಣ ಬಾಗಿಲಲ್ಲಿರಲಿಲ್ಲ. ಮೂಲೆಯ ಮೇಜಿನ ಮೇಲೆ ಬಗ್ಗಿ, ವಿದ್ಯಾರ್ಥಿಗಳು ಇನ್ನೊಂದು ಇಂಜಿನ್ನಿನಿಂದ ಬಿಚ್ಚಿ ನಮ್ಮ ಗಂಗಾಳದಲ್ಲಿ ಜೋಡಿಸಿದ್ದ ಸಾಮಾನನ್ನು ಬೆರಳಿಟ್ಟು ಎಣಿಸುತ್ತಿದ್ದರು. ಮುಗಿದ ಮೇಲೆ ತಲೆಯೆತ್ತಿದರು.

"ಎಲ್ಲಾ ಅದಾವ, ಯವ್ವಾ."