ಸಾಸಿವೆಯಷ್ಟು ಜೇಡಕ್ಕೆ ಇವರ ಹೆಸರು

ನನ್ನ ಗಂಡನ ಹೆಸರನ್ನು ನಾನು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ಕಾನ್ವೆಂಟಿನಲ್ಲಿ ಓದಿದವಳು, ಸಿಸ್ಟರ್‌ಗಳ ಜೊತೆ ಲ್ಯಾಟಿನ್ ಹಾಡು ಹಾಡಿದವಳು, ಆದರೂ ಇವರ ವಿಷಯಕ್ಕೆ ಬಂದರೆ "ರೀ", "ಇವರು", "ನಮ್ಮನೆಯವರು", ಅಷ್ಟೇ. ಬ್ಯಾಂಕಿನಲ್ಲಿ ಕೇಳಿದರೆ ಬರೆದು ತೋರಿಸುತ್ತಿದ್ದೆ. ಇವರು ನಗುತ್ತಿದ್ದರು: "ಇಂಗ್ಲಿಷ್ ಪೊಯೆಟ್ರಿ ಎಲ್ಲ ಬಾಯಿಪಾಠ, ನನ್ನ ಹೆಸರು ಮಾತ್ರ ಔಟ್ ಆಫ್ ಸಿಲೆಬಸ್!" ಇವರು ತೀರಿಕೊಂಡ ಮೇಲಂತೂ ಹೇಳುವ ಪ್ರಸಂಗವೇ ಬರಲಿಲ್ಲ.

ಟೆಕ್ಸಸ್‌ನ ಮರ್ಫಿ ಎಂಬ ಊರಿನಲ್ಲಿರುವ ನನ್ನ ಮಗಳ ಮನೆಯಲ್ಲಿ ಒಂದು ದಿನ ಊಟಕ್ಕೆ ಕೂತಿದ್ದೆವು. ಆಸ್ಟಿನ್‌ನಲ್ಲಿ ಪಿಎಚ್.ಡಿ. ಮಾಡುವ ಮೊಮ್ಮಗಳು ಬಂದಿದ್ದಳು. ಅವಳ ಸಬ್ಜೆಕ್ಟು ಜೇಡ. ಆಫ್ರಿಕಾದ ಕಾಡಿನ ತರಗೆಲೆಯಲ್ಲಿ ಸಿಕ್ಕವಂತೆ, ಸಾಸಿವೆ ಕಾಳಿನಷ್ಟು. ಕುಲಗೋತ್ರ ವಿಚಾರಿಸಿದರೆ ಗೊತ್ತಿದ್ದ ಯಾವ ಜೀನಸ್‌ಗೂ ಸೇರಲಿಲ್ಲ. ಹಾಗಾಗಿ ಹೊಸ ಜೀನಸ್, ಅದಕ್ಕೊಂದು ಹೊಸ ಹೆಸರು.

"ಅಜ್ಜಿ, ಐ ವಾಂಟ್ ಟು ನೇಮ್ ಇಟ್ ಆಫ್ಟರ್ ತಾತ."

ಮನೆಯೊಳಗೆ ಬಂದ ಜೇಡವನ್ನು ಇವರು ಪೇಪರಿನ ಮೇಲೆ ಹತ್ತಿಸಿಕೊಂಡು, "ಬಾರಪ್ಪ, ಮೇಡಂ ಪೊರಕೆ ತರ್ತಿದ್ದಾರೆ" ಎಂದು ಹೊರಗೆ ಬಿಡುತ್ತಿದ್ದರು. ಅದು ಅವಳಿಗೆ ನೆನಪಿತ್ತು. ನನ್ನ ಕಣ್ಣು ಒದ್ದೆಯಾಯಿತು.

"ಎಂಥ ಜೇಡ, ಮಗು?"

"ಡ್ವಾರ್ಫ್ ಸ್ಪೈಡರ್."

ಮಗಳಿಗೆ ಹುಳಿಯನ್ನ ನೆತ್ತಿಗೇರಿತು. ಇವರು ನನಗಿಂತ ಗಿಡ್ಡ. ಮದುವೆ ಫೋಟೋದಲ್ಲಿ ಮಣೆಯ ಮೇಲೆ ನಿಂತಿದ್ದಾರೆ. ಮಣೆ ಕಾಣದ ಹಾಗೆ ಸೀರೆಯ ನೆರಿಗೆ ಹರಡಿಕೊಂಡವಳು ನಾನು. ಆಯುಷ್ಯವಿಡೀ ಮುಚ್ಚಿಟ್ಟಿದ್ದನ್ನು ಈಗ ಲೋಕಕ್ಕೆಲ್ಲ ಸಾರುವುದೇ?

"ಬೇಡ ಕಣೇ. ಕುಳ್ಳ ಅಂತ ಆಡಿಕೊಂಡ ಹಾಗಾಗತ್ತೆ."

"ದಟ್ಸ್ ಜಸ್ಟ್ ದ ಗ್ರೂಪ್ ನೇಮ್, ಅಜ್ಜಿ! ಪೇಪರ್ ಈ ವೀಕ್ ಹೋಗ್ಬೇಕು. ಒಂದ್ಸಲ ಬಂದು ನೋಡಿ. ಯು ಸೇ ನೋ, ಐ ವಿಲ್ ಚೇಂಜ್ ಇಟ್."

ಮಗಳು ಡ್ರೈವ್ ಮಾಡಿಕೊಂಡು ಆಸ್ಟಿನ್‌ಗೆ ಕರೆದುಕೊಂಡು ಹೋದಳು. ಲ್ಯಾಬಿನಲ್ಲಿ ಕನ್ನಡಕ ತೆಗೆದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಗಂಡು ಜೇಡ. ತಲೆಯ ಮುಂಭಾಗ ಗುಬುಟಾಗಿ ಮೇಲೆದ್ದಿದೆ. ಈ ಗುಬುಟಿನ ಆಕಾರ, ಮೂತಿಯ ಪಕ್ಕದ ಪುಟ್ಟ ಕೈಗಳ ತಿರುವು, ಇವೆರಡರಿಂದಲೇ ಜೀನಸ್ ಬೇರೆ ಎಂದು ತೀರ್ಮಾನವಾಯಿತಂತೆ. ನನಗೆ ಅದೆಲ್ಲ ಕೇಳಿಸಲೇ ಇಲ್ಲ. ಅರ್ಧ ಇಂಚು ಎತ್ತರ ಕಾಣಲೆಂದು ಇವರು ಕನ್ನಡಿಯ ಮುಂದೆ ಕೂದಲನ್ನು ಹೀಗೇ ಮೇಲಕ್ಕೆ ಬಾಚಿ ನಿಲ್ಲಿಸುತ್ತಿದ್ದರು.

"ಅಯ್ಯೋ, ಇದು ಇವರ ಕ್ರಾಪೇ!" ಅಂದೆ.

ಮೊಮ್ಮಗಳು ಖುಷಿಯಾಗಿ ಬರೆದ ಹೆಸರು ತೋರಿಸಿದಳು. ಇವರ ಹೆಸರು, ಕೊನೆಗೆ 'ಎಲ್ಲಾ' ಎಂಬ ಬಾಲ.

"ಇದೇನೇ ಎಲ್ಲಾ?"

"ಲ್ಯಾಟಿನ್, ಅಜ್ಜಿ. ಪುಟ್ಟದು ಅಂತ."

"ಪುಟ್ಟ ಹೆಣ್ಣು ಅಂತ! ಕುಳ್ಳ ಅಂದಿದ್ದು ಸಾಲದು ಅಂತ ಕುಳ್ಳೀನೇ ಮಾಡಿಬಿಟ್ಟೆಯಲ್ಲೇ! 'ಅಸ್' ಹಾಕು, ಗಂಡಸಾಗಿರಲಿ."

"ಹಾಕಿದ್ರೆ ಓಕೆನಾ?"

ನಾನು ತಲೆಯಾಡಿಸಿದೆ, ಅವಳು ಬಾಲ ಬದಲಿಸಿದಳು. ಅಷ್ಟರಲ್ಲಿ ಅವಳ ಗೈಡ್ ಬಂದರು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಮನುಷ್ಯ. ತಿದ್ದಿದ ಹೆಸರನ್ನು ಓದಿದರು. ಮೊದಲ ಸಲ ಯಾವುದೋ ಚಿಪ್ಸ್ ಪ್ಯಾಕೆಟ್ಟಿನ ಹೆಸರಿನಂತೆ ಕೇಳಿಸಿತು, ಎರಡನೇ ಸಲ ಕೆಮ್ಮಿನ ಔಷಧಿಯಂತೆ. ಮೊಮ್ಮಗಳು ತಿದ್ದಹೋದಳು, ಟೆಕ್ಸಸ್‌ನಲ್ಲಿ ಹುಟ್ಟಿದ ನಾಲಗೆ, 'ದ' ಇದ್ದಲ್ಲಿ 'ಡ' ಬಂತು.

"ಹೌ ಡು ಯು ಸೇ ಇಟ್, ಮ್ಯಾಮ್?"

ಮಗಳು ನಕ್ಕಳು. "ಅಮ್ಮ ಹೇಳಲ್ಲ. ಶಿ ಹ್ಯಾಸ್ ನೆವರ್ ಸೆಡ್ ಇಟ್."

ನಾನು ಸುಮ್ಮನಿದ್ದರೆ ಇನ್ನು ಲೋಕವಿರುವ ತನಕ ಇವರು ಕೆಮ್ಮಿನ ಔಷಧಿ. ಹೇಗೂ ಬಾಲವಿದೆಯಲ್ಲ, ಹೇಳಿದರೂ ಗಂಡನ ಹೆಸರಾಗುವುದಿಲ್ಲ, ಜೇಡದ್ದಾಗುತ್ತದೆ ಅಂದುಕೊಂಡೆ. ಎದ್ದು ನಿಂತು, ಎಲೋಕ್ಯೂಷನ್ ಕ್ಲಾಸಿನಲ್ಲಿ ಕಲಿಸಿದ ಹಾಗೆ ಭುಜ ನೆಟ್ಟಗೆ ಮಾಡಿ, ಇವರ ಹೆಸರನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಹೇಳಿದೆ. ಬಾಲ ಸೇರಿಸುವುದು ಮರೆತೇಹೋಯಿತು.

ನಾನು ಮತ್ತೆ ಬಗ್ಗಿ ನೋಡಿದೆ. ಜೇಡ ಅಲ್ಲಾಡಲಿಲ್ಲ. ಇರಲಿ. ಬದುಕಿದ್ದಾಗಲೂ ಇವರು ಒಂದೇ ಕರೆಗೆ ಓಗೊಟ್ಟವರಲ್ಲ.